ಬೆಂಗಳೂರಿಗೆ ಬೆನ್ನು, ದಕ್ಷಿಣಕ್ಕೆ ಮುಖ

ಮನೆಯಲ್ಲಿ ಒಂದು ದೂರದರ್ಶಕವಿದೆ ಎಂದು ಗೊತ್ತಾದ ಮೇಲೆ ಕಚೇರಿಯವರು, ನೆಂಟರು, ಎದುರುಮನೆಯವರು ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಬೆಂಗಳೂರಿನಿಂದ ಎಷ್ಟು ಕಿಲೋಮೀಟರ್ ಹೋದರೆ ಆಕಾಶಗಂಗೆ ಕಾಣಿಸುತ್ತದೆ? ಮೊದಲ ನಾಲ್ಕೈದು ವರ್ಷ ನಾನೂ ಇದೇ ಪ್ರಶ್ನೆಯನ್ನು ಹಿಡಿದುಕೊಂಡು ನಗರದ ಸುತ್ತ ಅಲೆದಿದ್ದೇನೆ. ಈಗ ಯಾರಾದರೂ ಕೇಳಿದರೆ, ದೂರದ ಲೆಕ್ಕ ಆಮೇಲೆ ಹಾಕೋಣ, ಯಾವ ದಿಕ್ಕಿಗೆ ಹೊರಟಿದ್ದೀರಿ ಎಂಬುದನ್ನು ಮೊದಲು ಹೇಳಿ ಎನ್ನುತ್ತೇನೆ.

ನಮ್ಮ ಮನೆ ಇರುವುದು ಜೆ.ಪಿ. ನಗರದಲ್ಲಿ. ಮೂರನೆಯ ಮಹಡಿಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಮರೆಯಲ್ಲಿ, ಬೀದಿದೀಪ ನೇರವಾಗಿ ಕಣ್ಣಿಗೆ ಬೀಳದ ಹಾಗೆ ನಿಂತುಕೊಂಡರೂ, ಚಳಿಗಾಲದ ಶುಭ್ರ ರಾತ್ರಿಯಲ್ಲಿ ಕೃತ್ತಿಕೆಯ ಗುಂಪಿನಲ್ಲಿ ನನಗೆ ಕಾಣಿಸುವುದು ಎರಡು ಅಥವಾ ಮೂರು ಚುಕ್ಕಿಗಳು ಮಾತ್ರ. ಷಣ್ಮುಖನಿಗೆ ಹಾಲೂಡಿಸಿದ ಆರು ಮಂದಿ ಕೃತ್ತಿಕೆಯರಲ್ಲಿ ಅರ್ಧದಷ್ಟು ಮಂದಿಯನ್ನು ನಗರದ ಬೆಳಕು ನುಂಗಿ ಕುಳಿತಿದೆ. ಆಕಾಶದ ಕತ್ತಲೆಯನ್ನು ಅಳೆಯಲು ಅಮೆರಿಕದ ಹವ್ಯಾಸಿ ವೀಕ್ಷಕ ಜಾನ್ ಬಾರ್ಟಲ್ 2001ರಲ್ಲಿ ರೂಪಿಸಿದ 1ರಿಂದ 9ರವರೆಗಿನ ಶ್ರೇಣಿಯೊಂದಿದೆ. ಅದರಲ್ಲಿ 1 ಎಂದರೆ ಅಪ್ಪಟ ಕತ್ತಲು, 9 ಎಂದರೆ ಮಹಾನಗರದ ನಟ್ಟನಡುವಿನ ಆಕಾಶ. ನನಗೆ ಮಾತ್ರ ಕೃತ್ತಿಕೆಯೇ ಅಳತೆಗೋಲು. ಹೋದ ಜಾಗದಲ್ಲಿ ಆರನ್ನು ಸಲೀಸಾಗಿ ಎಣಿಸಲು ಸಾಧ್ಯವಾದರೆ ಪೆಟ್ರೋಲಿನ ದುಡ್ಡು ಹುಟ್ಟಿತೆಂದು ಲೆಕ್ಕ. ಏಳೆಂಟು ಕಾಣಿಸಿದರೆ ಆ ಊರಿನ ಹೆಸರನ್ನು ಡೈರಿಯಲ್ಲಿ ಬರೆದಿಡುತ್ತೇನೆ. ಇದೇ ತಾರಸಿಯಿಂದ ಸಪ್ತರ್ಷಿ ಮಂಡಲದ ವಸಿಷ್ಠನ ಪಕ್ಕದಲ್ಲಿ ಅರುಂಧತಿಯೂ ಬರಿಗಣ್ಣಿಗೆ ಸಿಕ್ಕುವುದಿಲ್ಲ. ಕಲ್ಯಾಣ ಮಂಟಪದಲ್ಲಿ ಬೆಳಗಿನ ಹತ್ತೂವರೆಗೆ ಕಿಟಕಿಯತ್ತ ಬೆರಳು ಮಾಡಿ ‘ಅರುಂಧತಿ ಕಾಣಿಸಿತೇ?’ ಎಂದು ಪುರೋಹಿತರು ಕೇಳುವಾಗ ಹೂಂಗುಟ್ಟುವ ವಧೂವರರು, ಅದೇ ಮಂಟಪದ ಮಾಳಿಗೆಯಲ್ಲಿ ರಾತ್ರಿ ಹತ್ತೂವರೆಗೆ ಕೇಳಿದರೂ ಅಷ್ಟೇ ಸುಳ್ಳು ಹೇಳಬೇಕಾಗುತ್ತದೆ.

ನಗರದಿಂದ ಮೇಲಕ್ಕೆ ಚಿಮ್ಮಿದ ಬೆಳಕನ್ನು ಗಾಳಿಯ ಅಣುಗಳೂ ದೂಳಿನ ಕಣಗಳೂ ಚದುರಿಸಿ ಮತ್ತೆ ಕೆಳಕ್ಕೆ ಕಳುಹಿಸುವುದರಿಂದ ಊರಿನ ಮೇಲೆ ಮಂಕರಿ ಕವುಚಿದ ಹಾಗೆ ಒಂದು ಪ್ರಭೆಯ ಗುಮ್ಮಟ ಏಳುತ್ತದೆ. ಈ ಪ್ರಭೆ ದೂರ ಹೋದಂತೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ಖಗೋಳವಿಜ್ಞಾನಿ ಮರ್ಲ್ ವಾಕರ್ 1970ರ ದಶಕದಲ್ಲಿ ಒಂದು ಸೂತ್ರ ಕೊಟ್ಟರು: ದೂರದ ಎರಡೂವರೆ ಘಾತಕ್ಕೆ ವಿಲೋಮವಾಗಿ ಅದು ಕುಗ್ಗುತ್ತದೆ. ಹಾಗೆಂದರೆ 60 ಕಿ.ಮೀ. ಬದಲು 120 ಕಿ.ಮೀ. ಹೋದವನಿಗೆ ನಗರದ ಬೆಳಕಿನ ಕಾಟ ಅರ್ಧಕ್ಕಲ್ಲ, ಐದೂವರೆಯಲ್ಲಿ ಒಂದು ಪಾಲಿಗೂ ಕೆಳಗೆ ಇಳಿಯುತ್ತದೆ. ಸೂತ್ರವನ್ನು ಓದಿ ನಾನು ಬಹಳ ಖುಷಿಪಟ್ಟಿದ್ದೆ. ಆದರೆ ಅದು ನಗರದ ಕಡೆಗೆ, ದಿಗಂತಕ್ಕೂ ನೆತ್ತಿಗೂ ನಟ್ಟನಡುವಿನ ಎತ್ತರದಲ್ಲಿ ನೋಡಿದ ಆಕಾಶದ ಲೆಕ್ಕ, ದಿಗಂತದ್ದಲ್ಲ ಎಂಬುದನ್ನು ಗಮನಿಸಿರಲಿಲ್ಲ. ನೆತ್ತಿ ಕಪ್ಪಾಗಿರುವ ಜಾಗದಲ್ಲೂ, ನಗರವಿರುವ ಕಡೆಯ ದಿಗಂತದಲ್ಲಿ ಒಂದು ಕೆಂಚು ಬಿಳುಪಿನ ಉಬ್ಬು ನೂರೈವತ್ತು ಕಿಲೋಮೀಟರ್ ಆಚೆಗೂ ಬೆನ್ನು ಬಿಡುವುದಿಲ್ಲ, ಮತ್ತು ಆ ಉಬ್ಬಿನ ಮೇಲೆ ಹುಟ್ಟಿ ಮುಳುಗುವ ನಕ್ಷತ್ರಗಳು ಇದ್ದೂ ಇಲ್ಲದಂತಾಗುತ್ತವೆ.

ಇಲ್ಲಿಯೇ ದಿಕ್ಕಿನ ಮಾತು ಬರುವುದು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದ್ದರಿಂದ ಧ್ರುವ ನಕ್ಷತ್ರ ನಮಗೆ ಉತ್ತರದಲ್ಲಿ ಕೇವಲ 13 ಡಿಗ್ರಿ ಎತ್ತರದಲ್ಲಿ ನಿಂತಿರುತ್ತದೆ. ಕೈಯನ್ನು ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ ಎಂದು ಇಟ್ಟುಕೊಂಡರೆ, ದಿಗಂತದಿಂದ ಒಂದೂಕಾಲು ಮುಷ್ಟಿ. ಉತ್ತರದಲ್ಲಿ ಹೀಗೆ ಕಳೆದುಕೊಂಡದ್ದನ್ನು ನಾವು ದಕ್ಷಿಣದಲ್ಲಿ ಪಡೆದುಕೊಂಡಿದ್ದೇವೆ. ಆಕಾಶದ ಎರಡನೆಯ ಅತಿ ಪ್ರಕಾಶಮಾನ ನಕ್ಷತ್ರವಾದ ಅಗಸ್ತ್ಯ ಇಲ್ಲಿ 24 ಡಿಗ್ರಿ ಎತ್ತರಕ್ಕೆ ಏರುತ್ತದೆ. ಶಿಲುಬೆಯಾಕಾರದ ತ್ರಿಶಂಕು ನಕ್ಷತ್ರಪುಂಜ 17 ಡಿಗ್ರಿ ಏರುತ್ತದೆ. ಆಕಾಶದಲ್ಲೇ ಅತ್ಯಂತ ಭವ್ಯವಾದ ಗೋಲಾಕಾರದ ನಕ್ಷತ್ರಗುಚ್ಛವಾದ ಒಮೆಗಾ ಸೆಂಟಾರಿ ಹತ್ತಿರ ಹತ್ತಿರ 30 ಡಿಗ್ರಿ, ಅಂದರೆ ಮೂರು ಮುಷ್ಟಿ ಮೇಲಕ್ಕೆ ಬರುತ್ತದೆ. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ನೆಲೆಸಿರುವ ಕನ್ನಡಿಗರು ಅಲ್ಲಿ ಎಂಥ ಕಗ್ಗತ್ತಲೆಗೆ ಹೋಗಿ ನಿಂತರೂ ಅಗಸ್ತ್ಯನಾಗಲಿ ತ್ರಿಶಂಕುವಾಗಲಿ ಅವರ ದಿಗಂತವನ್ನು ದಾಟಿ ಮೇಲೆ ಬರುವುದೇ ಇಲ್ಲ. ನಮಗೆ ಪುಕ್ಕಟೆಯಾಗಿ ಸಿಕ್ಕಿರುವ ಆಸ್ತಿ ಇರುವುದೇ ದಕ್ಷಿಣದಲ್ಲಿ. ಬೆಂಗಳೂರಿನ ಉತ್ತರಕ್ಕೆ ಹೋಗಿ ನಿಂತವನಿಗೆ ಆ ಆಸ್ತಿಯ ಮೇಲೆಯೇ ನಗರದ ಗುಮ್ಮಟ ಬಂದು ಕುಳಿತಿರುತ್ತದೆ.

ದುರದೃಷ್ಟವೆಂದರೆ ನಕ್ಷತ್ರ ನೋಡಬೇಕೆಂದ ಕೂಡಲೇ ಬೆಂಗಳೂರಿನವರ ಕಾರು ತಾನಾಗಿಯೇ ಬಳ್ಳಾರಿ ರಸ್ತೆಗೆ ತಿರುಗುತ್ತದೆ. ನಂದಿ ಬೆಟ್ಟದ ವಿಷಯದಲ್ಲಿ ಹೆಚ್ಚು ಹೇಳುವುದಕ್ಕೇನೂ ಇಲ್ಲ: ರಾತ್ರಿ ಗೇಟು ಮುಚ್ಚಿರುತ್ತದೆ, ಚಳಿಗಾಲದಲ್ಲಿ ಮಂಜು ಕವಿಯುತ್ತದೆ, ದೇವನಹಳ್ಳಿಯ ವಿಮಾನ ನಿಲ್ದಾಣದ ಬೆಳಕು ಕಾಲ ಬುಡದಲ್ಲೇ ಇದೆ. ಸ್ಕಂದಗಿರಿಗೆ ರಾತ್ರಿ ಚಾರಣಕ್ಕೆ ಅವಕಾಶವಿಲ್ಲ. ಇನ್ನೂ ಮುಂದೆ ಹೋಗಿ ಗುಡಿಬಂಡೆ, ಬಾಗೇಪಲ್ಲಿಯ ಸುತ್ತ ನಿಂತರೆ ನೆತ್ತಿಯೂ ಉತ್ತರವೂ ಚೆನ್ನಾಗಿರುತ್ತವೆ. ನವೆಂಬರ್, ಡಿಸೆಂಬರ್ ಸಂಜೆಗಳಲ್ಲಿ ದೇವಯಾನಿ ಗೆಲಾಕ್ಸಿಯನ್ನು ಬರಿಗಣ್ಣಿನಿಂದ ನೋಡುವುದಕ್ಕೆ ಆ ಕಡೆ ಹೋಗಬಹುದು, ನಾನೂ ಹೋಗುತ್ತೇನೆ. ಅಗಸ್ತ್ಯನನ್ನು ನೋಡಲು ಹೋಗಬೇಡಿ.

ಆ ಕಡೆಗೇ ಒಮ್ಮೆ ಆದ ಪೇಚಾಟವನ್ನು ಹೇಳಬೇಕು. ಉಪಗ್ರಹ ಚಿತ್ರಗಳಿಂದ ತಯಾರಿಸಿದ ಬೆಳಕಿನ ನಕ್ಷೆಯೊಂದರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಕೆರೆಯ ಏರಿಯ ಸುತ್ತಮುತ್ತ ಸೊಗಸಾದ ಕಪ್ಪು ಕಾಣಿಸಿತು. ಜನವರಿಯ ಒಂದು ಸಂಜೆ ತಂಗಿಯ ಮಗನನ್ನು ಜೊತೆಗೆ ಕರೆದುಕೊಂಡು, ಎಂಟು ಇಂಚಿನ ದೂರದರ್ಶಕವನ್ನು ಹಿಂದಿನ ಸೀಟಿನಲ್ಲಿ ಕಂಬಳಿ ಸುತ್ತಿ ಮಲಗಿಸಿಕೊಂಡು, ಏಳೂವರೆಯ ಹೊತ್ತಿಗೆ ಅಲ್ಲಿಗೆ ತಲುಪಿದೆವು. ಏರಿಯ ತಿರುವು ದಾಟಿದರೆ ಎದುರಿನಲ್ಲಿ ಜಾತ್ರೆ ನಡೆಯುತ್ತಿರುವಂತಿತ್ತು. ಜನರಿಲ್ಲದ ಜಾತ್ರೆ: ಮೂರು ಎಕರೆಯಷ್ಟು ಸೇವಂತಿಗೆ ತೋಟದ ಮೇಲೆ ಅಡ್ಡಡ್ಡ ತಂತಿ ಎಳೆದು, ಮಾರಿಗೊಂದರಂತೆ ಬಿಳಿಯ ಎಲ್‌ಇಡಿ ಬಲ್ಬುಗಳನ್ನು ಇಳಿಬಿಟ್ಟು ಉರಿಸಿದ್ದರು. ಸೇವಂತಿಗೆ ಹಗಲು ಕಿರಿದಾಗಿ ರಾತ್ರಿ ಹಿರಿದಾದಾಗ ಮೊಗ್ಗು ಕಟ್ಟುವ ಗಿಡ. ಕತ್ತಲಾದ ಮೇಲೂ ಕೆಲವು ಗಂಟೆ ಬೆಳಕು ಕೊಟ್ಟರೆ ಅದು ಮೊಗ್ಗಿನ ಯೋಚನೆ ಬಿಟ್ಟು ಕಾಂಡವನ್ನು ಬೆಳೆಸಿಕೊಳ್ಳುತ್ತ ಹೋಗುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಬರುವ ಕಾಲವನ್ನು ನೋಡಿಕೊಂಡು ಬೆಳೆಗಾರ ದೀಪ ಆರಿಸಿ ಹೂವು ತರಿಸಿಕೊಳ್ಳುತ್ತಾನೆ. ರೈತನ ಜಾಣ್ಮೆಗೆ ಕೈಮುಗಿಯಬೇಕಾದದ್ದೇ. ನನ್ನ ಕೃತ್ತಿಕೆ ಮಾತ್ರ ಅಲ್ಲಿ ನಾಲ್ಕಕ್ಕೆ ನಿಂತಿತು.

ನಕ್ಷೆ ಯಾಕೆ ಹೀಗೆ ಮೋಸ ಮಾಡಿತು ಎಂದು ಮನೆಗೆ ಬಂದು ಓದಿದಾಗ ಎರಡು ವಿಷಯ ತಿಳಿದವು. ಇಂಥ ನಕ್ಷೆಗಳಿಗೆ ಹೆಚ್ಚಾಗಿ ಆಧಾರವಾಗುವುದು 2011ರಲ್ಲಿ ಹಾರಿದ ಸುಓಮಿ ಎನ್‌ಪಿಪಿ ಉಪಗ್ರಹದ ಕ್ಯಾಮೆರಾ. ಅದು ನಮ್ಮ ತಲೆಯ ಮೇಲೆ ಹಾದುಹೋಗುವುದು ರಾತ್ರಿ ಸುಮಾರು ಒಂದೂವರೆ ಗಂಟೆಗೆ; ಅಷ್ಟರೊಳಗೆ ಆರಿಸಿದ ದೀಪ ಅದರ ಲೆಕ್ಕಕ್ಕೆ ಬರುವುದಿಲ್ಲ. ಜೊತೆಗೆ ಆ ಕ್ಯಾಮೆರಾ 500 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ನೀಲಿ ಬೆಳಕನ್ನು ಕಾಣಲಾರದು. ಹಳದಿಯ ಸೋಡಿಯಂ ದೀಪಗಳನ್ನು ಕಿತ್ತು ಬಿಳಿಯ ಎಲ್‌ಇಡಿ ಹಾಕಿದ ಊರು ನಕ್ಷೆಯಲ್ಲಿ ಮೊದಲಿಗಿಂತ ಮಂಕಾಗಿ ಕಾಣಿಸಬಹುದು. ನೆಲದ ಮೇಲೆ ನಿಂತವನಿಗೆ ಆಕಾಶ ಇನ್ನೂ ಬೆಳ್ಳಗಾಗಿರುತ್ತದೆ, ಏಕೆಂದರೆ ಗಾಳಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಚದುರುವುದು ಆ ನೀಲಿಯೇ. ಈಗ ನಾನು ನಕ್ಷೆಯನ್ನು ನೋಡಿದ ಮೇಲೂ ಆ ಊರಿಗೆ ಒಮ್ಮೆ ಹಗಲಿನಲ್ಲಿ ಹೋಗಿ, ಹೈಮಾಸ್ಟ್ ಕಂಬ ಎಲ್ಲಿದೆ, ಹೂವಿನ ತೋಟ ಎಲ್ಲಿದೆ, ಯಾರ ಜಮೀನು ಎಂಬುದನ್ನೆಲ್ಲ ವಿಚಾರಿಸಿಕೊಂಡು ಬರುತ್ತೇನೆ. ಹೈಮಾಸ್ಟ್ ದೀಪ ಬಂದಿರುವುದನ್ನೇ ಅಭಿವೃದ್ಧಿಯ ಗುರುತಾಗಿ ತೋರಿಸುವ ಊರುಗಳಲ್ಲಿ ನನ್ನಂಥವನು ಅದನ್ನು ವಿಚಾರಿಸುವ ಧಾಟಿಗೆ ಜನ ವಿಚಿತ್ರವಾಗಿ ನೋಡುತ್ತಾರೆ.

ಈಶಾನ್ಯಕ್ಕೆ, ಆಂಧ್ರದ ಮದನಪಲ್ಲಿಯ ಹತ್ತಿರವಿರುವ ಹಾರ್ಸ್ಲೀ ಹಿಲ್ಸ್ ಕುಟುಂಬದೊಂದಿಗೆ ಹೋಗುವವರಿಗೆ ಅನುಕೂಲದ ಜಾಗ. ಮೇಲೆಯೇ ಉಳಿದುಕೊಳ್ಳಲು ವ್ಯವಸ್ಥೆ ಇದೆ, 1,200 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಬಯಲಿನ ದೂಳು ಕೆಳಗೇ ಉಳಿಯುತ್ತದೆ. ಬೆಂಗಳೂರು ನೈಋತ್ಯದ ಮೂಲೆಗೆ ಸರಿಯುವುದರಿಂದ ಆಗ್ನೇಯದ ಆಕಾಶ ಬಿಡುಗಡೆಯಾಗಿರುತ್ತದೆ. ವಸತಿಗೃಹಗಳ ಅಂಗಳದ ದೀಪಗಳನ್ನು ತಪ್ಪಿಸಿಕೊಳ್ಳುವುದೇ ಅಲ್ಲಿನ ಕಷ್ಟ. ದೀಪ ಆರಿಸಿರೆಂದು ಕೇಳಿಕೊಂಡರೆ ಚಿರತೆಯ ಮಾತು ಬರುತ್ತದೆ, ಅದಕ್ಕೆ ಎದುರು ಹೇಳಲು ನನಗೆ ಧೈರ್ಯವಿಲ್ಲ.

ಆಗ್ನೇಯದ ಜವಾದಿ ಬೆಟ್ಟಗಳಿಗೆ ಹೋದರೆ ಚರಿತ್ರೆಯೇ ಬೇರೆ. ಬೆಂಗಳೂರಿನಿಂದ 200 ಕಿ.ಮೀ. ಒಳಗೇ, ತಮಿಳುನಾಡಿನ ತಿರುಪತ್ತೂರು ಜಿಲ್ಲೆಯಲ್ಲಿ, ಸುಮಾರು 725 ಮೀಟರ್ ಎತ್ತರದಲ್ಲಿರುವ ಕಾವಲೂರನ್ನು 1960ರ ದಶಕದಲ್ಲಿ ಖಗೋಳವಿಜ್ಞಾನಿ ವೈನು ಬಾಪು ಅವರು ವೀಕ್ಷಣಾಲಯಕ್ಕಾಗಿ ಆರಿಸಿಕೊಂಡದ್ದಕ್ಕೆ ಕತ್ತಲೆಯೊಂದೇ ಕಾರಣವಾಗಿರಲಿಲ್ಲ. ಉತ್ತರದ ಆಕಾಶವನ್ನೂ ದಕ್ಷಿಣದ ಆಕಾಶದ ಬಹುಭಾಗವನ್ನೂ ಒಂದೇ ಜಾಗದಿಂದ ನೋಡಬಹುದೆಂಬ ಲೆಕ್ಕವೂ ಅದರಲ್ಲಿತ್ತು. 1972ರಲ್ಲಿ ಅಲ್ಲಿಗೆ ಒಂದು ಮೀಟರಿನ ದೂರದರ್ಶಕ ಬಂತು, 1977ರಲ್ಲಿ ಯುರೇನಸ್ಸಿನ ಉಂಗುರಗಳ ಸುಳಿವು ಹಿಡಿದ ವೀಕ್ಷಣೆಗಳಲ್ಲಿ ಅದೂ ಪಾಲುಗೊಂಡಿತು, 1986ರಲ್ಲಿ 2.34 ಮೀಟರಿನ ದೊಡ್ಡ ದೂರದರ್ಶಕ ಉದ್ಘಾಟನೆಯಾಯಿತು. ಇದನ್ನೆಲ್ಲ ನಡೆಸುವ ಭಾರತೀಯ ಖಭೌತ ಸಂಸ್ಥೆ ಇರುವುದು ನಮ್ಮ ಕೋರಮಂಗಲದಲ್ಲಿ. ಇದೇ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತದೆ. ತಮ್ಮ ನೆತ್ತಿಯ ಮೇಲೆ ಕೃತ್ತಿಕೆ ಸರಿಯಾಗಿ ಕಾಣದ ಊರಿನಿಂದ ದೇಶದ ಅತಿ ಕಪ್ಪು ಆಕಾಶವನ್ನು ನೋಡುವ ಅವರ ಕೆಲಸವನ್ನು ನೆನೆದಾಗಲೆಲ್ಲ ನನಗೆ ನಗುವೂ ಅಸೂಯೆಯೂ ಒಟ್ಟಿಗೇ ಬರುತ್ತವೆ. ಕಾವಲೂರಿನ ಗೇಟಿನ ಹತ್ತಿರ ರಾತ್ರಿ ಕಾರಿನ ಹೆಡ್‌ಲೈಟ್ ಬೀರುತ್ತ ಸುಳಿಯುವುದು ಸಭ್ಯತೆಯಲ್ಲ. ಸಂದರ್ಶನದ ದಿನವನ್ನು ವಿಚಾರಿಸಿ ಹಗಲಿನಲ್ಲಿ ನೋಡಿಕೊಂಡು, ರಾತ್ರಿಗೆ ಆಲಂಗಾಯಂ ಕಡೆಯ ಯಾವುದಾದರೂ ಹಳ್ಳಿಯಲ್ಲಿ ಅನುಮತಿ ಪಡೆದು ಬಯಲು ಹುಡುಕಿಕೊಳ್ಳುವುದು ನಾನು ಮಾಡಿಕೊಂಡಿರುವ ಏರ್ಪಾಡು. ವಾಣಿಯಂಬಾಡಿಯ ಕಡೆ ಬೆಳಕಿನ ಉಬ್ಬು ಇದೆ. ಬೆಂಗಳೂರಿನ ಗುಮ್ಮಟ ವಾಯುವ್ಯದಲ್ಲಿ ಬೆನ್ನ ಹಿಂದೆ ಬೀಳುತ್ತದೆ.

ಯಾವಾಗ ಹೋಗಬೇಕು ಎಂಬುದಕ್ಕೆ ಮಳೆಗಾಲವೇ ಮೊದಲ ಉತ್ತರ ಕೊಟ್ಟುಬಿಡುತ್ತದೆ. ಆಕಾಶಗಂಗೆಯ ದಟ್ಟವಾದ ನಡುಭಾಗ, ಅಂದರೆ ವೃಶ್ಚಿಕ ಮತ್ತು ಧನು ರಾಶಿಗಳ ಕಡೆ, ಸಂಜೆಯ ಹೊತ್ತಿಗೆ ಮೇಲೆ ಬರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮೋಡ. ಹೀಗಾಗಿ ಅದನ್ನು ನೋಡಬೇಕೆಂದರೆ ಫೆಬ್ರವರಿಯಿಂದ ಏಪ್ರಿಲ್ ನಡುವೆ, ನಡುರಾತ್ರಿ ಕಳೆದ ಮೇಲೆ ಎಚ್ಚರವಾಗಿರಬೇಕು. ತಮಿಳುನಾಡಿನ ಗಡಿಯ ಕಡೆ ಹಿಂಗಾರಿನ ಮೋಡ ಡಿಸೆಂಬರ್‌ವರೆಗೂ ಕಾಡುತ್ತದೆ. ಏಪ್ರಿಲ್‌ನಲ್ಲಿ ದಿಗಂತದ ಮೇಲೆ ಹೊಗೆಯೂ ದೂಳೂ ಸೇರಿ ತ್ರಿಶಂಕುವನ್ನು ಮಸಕು ಮಾಡುತ್ತವೆ.

ಚಂದ್ರನ ಲೆಕ್ಕಕ್ಕೆ ಆ್ಯಪ್ ಬೇಕಾಗಿಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಸಂಕಷ್ಟಿಯ ದಿನ ಚಂದ್ರೋದಯದ ಸಮಯವನ್ನು ಅಚ್ಚು ಹಾಕಿರುತ್ತಾರೆ. ಉಪವಾಸವಿದ್ದವರು ಅದನ್ನು ಊಟಕ್ಕಾಗಿ ನೋಡುತ್ತಾರೆ, ನಾನು ಅಲ್ಲಿಂದ ಮುಂದಕ್ಕೆ ದಿನಕ್ಕೆ ಸುಮಾರು ಐವತ್ತು ನಿಮಿಷದಂತೆ ಕೂಡಿಸುತ್ತ ಹೋಗುತ್ತೇನೆ. ಸಂಕಷ್ಟಿಗೆ ಒಂಬತ್ತೂಕಾಲಿಗೆ ಹುಟ್ಟಿದ ಚಂದ್ರ ನಾಲ್ಕು ದಿನ ಕಳೆದು ಅಷ್ಟಮಿಗೆ ಬಂದಾಗ ಹನ್ನೆರಡೂವರೆಯ ಸುಮಾರಿಗೆ ಹುಟ್ಟುತ್ತಾನೆ, ಅಂದರೆ ಸಂಜೆಯ ಐದು ಗಂಟೆ ಕಾಲ ಕತ್ತಲು ನಮ್ಮದು. ಶುಕ್ಲಪಕ್ಷದಲ್ಲಿ ಇದರ ತಿರುವುಮುರುವು: ಅಷ್ಟಮಿಯವರೆಗೂ ಚಂದ್ರ ನಡುರಾತ್ರಿಯ ಆಸುಪಾಸಿನಲ್ಲಿ ಮುಳುಗಿ ಬೆಳಗಿನ ಜಾವವನ್ನು ಬಿಟ್ಟುಕೊಡುತ್ತಾನೆ. ಅಮಾವಾಸ್ಯೆಯ ರಾತ್ರಿಯೇ ಆಗಬೇಕೆಂಬ ಹಟ ಅನಗತ್ಯ. ‘ಅಮಾವಾಸ್ಯೆ ದಿನವೇ ಯಾಕೋ ಹೊರಡುತ್ತೀಯ?’ ಎಂದು ಪ್ರತಿ ಸಲ ಬಾಗಿಲಿಗೆ ಅಡ್ಡ ಬರುತ್ತಿದ್ದ ಅಮ್ಮನ ಮಾತನ್ನು ನಾನು ಮೂಢನಂಬಿಕೆಯೆಂದು ತಳ್ಳಿಹಾಕುತ್ತಿದ್ದೆ. ಚಾಮರಾಜನಗರ ಜಿಲ್ಲೆಯ ಹನೂರಿನ ದಾರಿ ಹಿಡಿದ ಮೇಲೆ ಅವರ ಮಾತಿಗೇ ಬಂದಿದ್ದೇನೆ, ಕಾರಣ ಮಾತ್ರ ಬೇರೆ: ಅಮಾವಾಸ್ಯೆ ಎಂದರೆ ಮಾದಪ್ಪನ ದಿನ. ಮಲೆಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸು, ಟೆಂಪೊ, ಬೈಕುಗಳ ದೀಪ ಆ ರಸ್ತೆಯಲ್ಲಿ ರಾತ್ರಿಯಿಡೀ ಸಾಲುಗಟ್ಟಿರುತ್ತದೆ.

ಹನೂರಿನ ಕಡೆಯೇ ಈಗ ನನ್ನ ಮೆಚ್ಚಿನ ಜಾಗ. ಕನಕಪುರ, ಮಳವಳ್ಳಿ, ಕೊಳ್ಳೇಗಾಲ ದಾಟಿಕೊಂಡು ಹೋದರೆ ಸುಮಾರು 160 ಕಿ.ಮೀ. ಆಗುತ್ತದೆ. ಬೆಂಗಳೂರು ಪೂರ್ತಿಯಾಗಿ ಉತ್ತರಕ್ಕೆ, ಧ್ರುವನ ಕಡೆಗೆ ಸರಿದುಬಿಡುತ್ತದೆ. ದಕ್ಷಿಣಕ್ಕೆ ಕಾಡು, ಬೆಟ್ಟ. ಕಾಡಿನೊಳಗೆ ರಾತ್ರಿ ಕಾಲಿಡುವ ಮಾತೇ ಇಲ್ಲ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿರುವಂತೆಯೇ, ಯಾವ ಅಭಯಾರಣ್ಯದ ಅಂಚಿನಲ್ಲೂ ರಾತ್ರಿ ಕಾರು ನಿಲ್ಲಿಸಿಕೊಂಡು ಆಕಾಶ ನೋಡುವುದು ಕಾನೂನಿಗೂ ಜೀವಕ್ಕೂ ಒಳ್ಳೆಯದಲ್ಲ. ನಾವು ಹೋಗುವುದು ಪರಿಚಯದವರ ತೋಟದ ಮನೆಗೆ. ಅಂಥ ಪರಿಚಯವಿಲ್ಲದ ಹೊಸಬರು ಬೆಂಗಳೂರಿನ ಹವ್ಯಾಸಿ ಖಗೋಳ ಸಂಘಗಳು ಕರೆದೊಯ್ಯುವ ಗುಂಪಿನ ಜೊತೆ ಹೋಗುವುದೇ ಮೇಲು.

ಕಳೆದ ಫೆಬ್ರವರಿಯಲ್ಲಿ, ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆ ಅಲ್ಲಿದ್ದೆವು. ಎಂಟು ಗಂಟೆಯ ಹೊತ್ತಿಗೆ ಪಶ್ಚಿಮದಲ್ಲಿ ಮಸುಕಾದ ಬೆಳಕೊಂದು ಗೋಪುರದಂತೆ ಎದ್ದಿತ್ತು. ಮೈಸೂರಿನ ಪ್ರಭೆ ಇಲ್ಲಿಗೂ ಬಂತಲ್ಲ ಎಂದು ನಾನು ಬೇಸರಪಟ್ಟುಕೊಂಡು ಬೈಯುತ್ತಲೇ ಇದ್ದೆ. ಒಂಬತ್ತು ಕಳೆದ ಮೇಲೆ ತಂಗಿಯ ಮಗ, ‘ಮಾಮ, ನಿಮ್ಮ ಮೈಸೂರು ಮುಳುಗಿಹೋಯಿತು’ ಎಂದ. ತಿರುಗಿ ನೋಡಿದರೆ ಆ ಬೆಳಕು ಇರಲೇ ಇಲ್ಲ. ಊರಿನ ಬೆಳಕು ನಕ್ಷತ್ರಗಳಂತೆ ಮುಳುಗುವುದಿಲ್ಲವಷ್ಟೆ. ನಾವು ನೋಡಿದ್ದು ಗ್ರಹಗಳು ಸುತ್ತುವ ಸಮತಲದಲ್ಲಿ ಹರಡಿರುವ ದೂಳಿನ ಮೇಲೆ ಬಿದ್ದ ಸೂರ್ಯನ ಬೆಳಕನ್ನು, ರಾಶಿಚಕ್ರದ ಪ್ರಭೆ ಎಂದು ಪುಸ್ತಕಗಳಲ್ಲಿ ಓದಿ ಹತ್ತು ವರ್ಷದಿಂದ ನಾನು ಹುಡುಕುತ್ತಿದ್ದುದನ್ನು. ಕೃತ್ತಿಕೆಯಲ್ಲಿ ಆ ರಾತ್ರಿ ಎಂಟು ಎಣಿಸಿದ್ದೆ.

ಎರಡು ಗಂಟೆಯ ಸುಮಾರಿಗೆ ಆಗ್ನೇಯದಲ್ಲಿ ಒಮೆಗಾ ಸೆಂಟಾರಿ ಬೆಟ್ಟದ ಸಾಲನ್ನು ಬಿಟ್ಟು ಸಾಕಷ್ಟು ಮೇಲೆ ಬಂದಿತ್ತು. ಟಾರ್ಚಿಗೆ ಎರಡು ಸುತ್ತು ಕೆಂಪು ಜಿಲೇಟಿನ್ ಕಾಗದ ಕಟ್ಟಿಕೊಂಡಿದ್ದೆವು, ಫೋನನ್ನು ಕಾರಿನಲ್ಲೇ ಬಿಟ್ಟಿದ್ದೆವು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಹಾಳಾಗಲು ಒಂದು ಕ್ಷಣ ಸಾಕು. ಪಕ್ಕದ ಬಾಳೆ ತೋಟಕ್ಕೆ ಆನೆ ಬೀಳದಂತೆ ಮರದ ಮೇಲಿನ ಅಟ್ಟಣೆಯಲ್ಲಿ ಕಾಯುತ್ತಿದ್ದ ಯಜಮಾನರೊಬ್ಬರು ನಮ್ಮ ಮಾತು ಕೇಳಿಸಿಕೊಂಡು ಇಳಿದು ಬಂದರು. ಬೈನಾಕ್ಯುಲರನ್ನು ಅವರ ಕೈಗೆ ಕೊಟ್ಟು, ಎಲ್ಲಿ ನೋಡಬೇಕೆಂದು ಭುಜ ಹಿಡಿದು ತಿರುಗಿಸಿದೆ. ಬಹಳ ಹೊತ್ತು ಅವರು ಮಾತನಾಡಲಿಲ್ಲ. ಅದು ಒಂದು ನಕ್ಷತ್ರವಲ್ಲ, ಲಕ್ಷಗಟ್ಟಲೆ ನಕ್ಷತ್ರಗಳು ಒಟ್ಟಿಗೆ ಇರುವುದು, ಆ ಬೆಳಕು ಹೊರಟು ಹದಿನೇಳು ಸಾವಿರ ವರ್ಷವಾಯಿತು ಎಂದೆಲ್ಲ ನಾನು ವಿವರಿಸುತ್ತಿದ್ದೆ. ‘ಸೆರಗಿನಲ್ಲಿ ಸಕ್ಕರೆ ಚೆಲ್ಲಿದಂಗದೆ’ ಎಂದರು. ಆಮೇಲೆ ಬೈನಾಕ್ಯುಲರನ್ನು ಕೆಳಗಿಳಿಸಿ, ತಮ್ಮ ತೋಟದ ಕಡೆ ಹಿಡಿದು, ‘ಇದ್ರಲ್ಲಿ ಆನ ಕಾಣ್ತದ, ಸಾ?’ ಎಂದು ಕೇಳಿದರು. ಕತ್ತಲೆಯಲ್ಲಿ ಆನೆಯನ್ನು ತೋರಿಸುವಂಥದ್ದಲ್ಲ ಯಜಮಾನ್ರೇ ಎಂದೆ. ಅವರು ಅದನ್ನು ಮರ್ಯಾದೆಯಿಂದ ನನ್ನ ಕೈಗೆ ಹಿಂತಿರುಗಿಸಿ, ಹೆಗಲಿಗೆ ನೇತುಹಾಕಿಕೊಂಡಿದ್ದ ದೊಡ್ಡ ಬ್ಯಾಟರಿಯನ್ನು ತೆಗೆದು ಬಾಳೆಯ ಸಾಲಿನ ಉದ್ದಕ್ಕೂ ಒಮ್ಮೆ ಬೆಳಕು ಹಾಯಿಸಿದರು, ಹಾಗೆಯೇ ತಿರುಗಿ ನಮ್ಮಿಬ್ಬರ ಮುಖದ ಮೇಲೂ ಒಮ್ಮೆ. ಮುಂದಿನ ಅರ್ಧ ಗಂಟೆ ನಾವು ಕಾರಿಗೆ ಒರಗಿ ಕುಳಿತು, ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿ ಕುಡಿದೆವು.